ಬಸಿದ ನೀರು ಚೆಲ್ಲದವಳು

ನಮ್ಮ ದೊಡ್ಡಮ್ಮ ಸೊಪ್ಪು ಕಾಳು ಬೇಯಿಸಿದ ನೀರನ್ನು ಒಂದು ದಿನವೂ ಚೆಲ್ಲಿದವಳಲ್ಲ. ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಸೆರಗಿನಿಂದ ಎರಡು ಕಡೆ ಒತ್ತಿ ಹಿಡಿದು, ಇನ್ನೊಂದು ಪಾತ್ರೆಯ ಮೇಲೆ ಬಗ್ಗಿಸಿದಳೆಂದರೆ ಅವಳ ಮುಖ ಹಬೆಯಲ್ಲಿ ಕಾಣದಂತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಬಸಿಯುತ್ತಿದ್ದಳು. ಒಳಗೆ ಎಷ್ಟು ನೀರು ಉಳಿದಿದೆ ಎಂಬುದು ಅವಳಿಗೆ ಬೀಳುವ ಸದ್ದಿನಿಂದಲೇ ತಿಳಿಯುತ್ತಿತ್ತು. ಹರಿಯುವುದು ನಿಂತ ಮೇಲೂ ಪಾತ್ರೆಯನ್ನು ಎರಡು ಸಲ ಒದರಿ, ಕಡೆಯ ಹನಿ ಬಿದ್ದ ಮೇಲೇ ನೆಟ್ಟಗಾಗುತ್ತಿದ್ದಳು. "ಸೊಪ್ಪಿನ ಜೀವ ಎಲ್ಲಾ ಇದ್ರಾಗೇ ಐತೆ, ಪಲ್ಯ ಬರೀ ಮೈ" ಎನ್ನುತ್ತಿದ್ದಳು.

ಆ ನೀರಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿತುರಿ, ಬೆಂದ ಸೊಪ್ಪು ಕಾಳಿನಲ್ಲೇ ಒಂದು ಹಿಡಿ ಅರೆದು ಹಾಕಿ, ಹುಣಿಸೆಹಣ್ಣು ಕಿವುಚಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದು, ನಡುನಡುವೆ ಪಲ್ಯ ಬಾಯಿಗೆ ಹಾಕಿಕೊಳ್ಳುವುದು. ಬಂಗಾರಪೇಟೆ ಸುತ್ತಿನ ಯಾವ ಮನೆಗೆ ಹೋದರೂ ವಾರಕ್ಕೆ ಮೂರು ದಿನ ಇದೇ ಊಟ, ವಿಶೇಷವೇನಲ್ಲ. ಆದರೆ ಈ ಸಾರು ಹಾಕಿಯೇ ದೊಡ್ಡಮ್ಮ ಗಂಡನನ್ನು ಕೊಂದಳು ಎಂದು ಅವಳ ಊರು ಇವತ್ತಿಗೂ ನಂಬಿದೆ. ಅದು ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವಳು ನಾನು.

ದೊಡ್ಡಮ್ಮನ ಹೆಸರು ಮುನಿಲಕ್ಷ್ಮಮ್ಮ. ನನ್ನ ತಾಯಿಯ ಅಕ್ಕ. ಬೂದಿಕೋಟೆಯಿಂದ ಸ್ವಲ್ಪ ಒಳಗಿರುವ ಹಳ್ಳಿ ಅವಳದು. ಮಕ್ಕಳಿರಲಿಲ್ಲ. ನಾನು ಬಂಗಾರಪೇಟೆಯಲ್ಲಿ ಕಾಲೇಜು ಓದಿದಷ್ಟು ವರ್ಷವೂ ಅವಳ ಮನೆಯಲ್ಲೇ ಇದ್ದೆ. ಬಾವಿಯ ಪಕ್ಕ ಅವರಿಗೆ ಅಂಗೈಯಗಲದ ಒಂದು ಮಡಿ ಇತ್ತು. ಅದರಲ್ಲಿ ದಂಟು, ಮೆಂತ್ಯ, ಸಬ್ಬಕ್ಕಿ ಸೊಪ್ಪು, ಕೊತ್ತಂಬರಿ. ಬಿತ್ತದೆ ತಾನಾಗಿ ಬರುವ ಹೊನಗನ್ನೆ, ಗಣಿಕೆ, ಅಣ್ಣೆ ಸೊಪ್ಪನ್ನು ಬದುಗಳ ಮೇಲೆ ಕಿತ್ತು ಬೆರಕೆ ಸೊಪ್ಪು ಮಾಡಿಕೊಳ್ಳುತ್ತಿದ್ದಳು. ಮಂಗಳವಾರ, ಶುಕ್ರವಾರ ಬುಟ್ಟಿ ಹೊತ್ತು ಆಂಡರ್ಸನ್‌ಪೇಟೆಗೆ ಬಂದು ಮಾರುವುದು. ದೊಡ್ಡಪ್ಪ ನಾರಾಯಣಪ್ಪ ಎರಡು ಹಸು ನೋಡಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದ. ಅವನದು ಮಾತು ಕಡಿಮೆ, ಊಟ ಜಾಸ್ತಿ.

ಸೊಪ್ಪಿನ ವಿಷಯದಲ್ಲಿ ದೊಡ್ಡಮ್ಮನಿಗೆ ಇದ್ದ ಮಡಿ ದೇವರ ವಿಷಯದಲ್ಲಿಯೂ ಇರಲಿಲ್ಲ. ಕೊತ್ತಂಬರಿಯ ಬೇರು ಕತ್ತರಿಸಿದರೆ ಕೈಗೆ ಹೊಡೆಯುತ್ತಿದ್ದಳು. ಬೇರು ಸಮೇತ ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ನೀರಿನ ಬಾನಿಯ ನೆರಳಿಗೆ ಇಡಬೇಕು. ಶುಂಠಿ ಮರಳಿನಲ್ಲಿ. ಕಾಯಿ ಟೊಮೇಟೊ ರಾಗಿ ಹುಲ್ಲಿನಲ್ಲಿ. ನುಗ್ಗೆಸೊಪ್ಪನ್ನು ಬಿಡಿಸಲು ಕೂತರೆ ನಗುತ್ತಿದ್ದಳು; ಸಂಜೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೆಳಿಗ್ಗೆ ಹೊತ್ತಿಗೆ ಎಲೆ ತಾನಾಗಿಯೇ ಉದುರಿರುತ್ತದೆ, ಕಡ್ಡಿ ಎತ್ತಿ ಹಾಕಿದರೆ ಆಯಿತು. ಅವರೆಕಾಯಿಯನ್ನು ಮಾತ್ರ ಯಾವುದರೊಳಗೂ ತುಂಬುವ ಹಾಗಿಲ್ಲ, ನೆಲದ ಮೇಲೆ ಹರಡಬೇಕು. "ಕವರ್ನಾಗೆ ಕಟ್ಟಿದ್ರೆ ಸೊಗಡು ಓಡೋಗ್ತದೆ. ಸೊಗಡಿಲ್ದಿದ್ ಅವರೆಕಾಯಿ ತಿನ್ನೋಬದ್ಲು ಉಪಾಸ ಮಲ್ಕೊ" ಎನ್ನುತ್ತಿದ್ದಳು. ಮನೆಗೆ ಬಂದ ತರಕಾರಿಯಲ್ಲಿ ಯಾವುದನ್ನು ಮೊದಲು ಬೇಯಿಸಬೇಕು ಎಂಬುದಕ್ಕೆ ಅವಳದ್ದೇ ಸರದಿ: ಬೇಗ ಸಾಯುವುದು ಮೊದಲು. ಅಂದರೆ ಸೊಪ್ಪು, ಆಮೇಲೆ ಬದನೆ ಬೆಂಡೆ, ಆಮೇಲೆ ಗೆಡ್ಡೆ. ಕುಂಬಳಕಾಯಿ ತಿಂಗಳಾದರೂ ಕಾಯುತ್ತದೆ, ಅದಕ್ಕೆ ತಾಳ್ಮೆ ಇದೆ ಎನ್ನುತ್ತಿದ್ದಳು.

ಅವಳನ್ನು ಒಳ್ಳೆಯವಳೆಂದು ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳಲಾರೆ. ಬಾಯಿ ಕೆಟ್ಟದ್ದು. ಆಂಡರ್ಸನ್‌ಪೇಟೆಯ ನಮ್ಮ ಬೀದಿಯ ತಮಿಳು ಹೆಂಗಸರ ಹತ್ತಿರ ತಮಿಳಿನಲ್ಲಿ, ತೆಲುಗಿನವರ ಹತ್ತಿರ ತೆಲುಗಿನಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಬೈಯುತ್ತಿದ್ದಳು. ಕಟ್ಟು ಬಿಚ್ಚಿ ನೋಡಿದವರಿಗೆ ಸೊಪ್ಪು ಕೊಡುತ್ತಿರಲಿಲ್ಲ. ಹಿಂದಿನ ದಿನದ ಸೊಪ್ಪನ್ನು ಮಾರುತ್ತಲೂ ಇರಲಿಲ್ಲ. ಕಡಿಮೆಗೆ ಕೊಡು ಎಂದರೆ ಅವರ ಎದುರಿಗೇ ಬೀದಿಯ ಹಸುವಿಗೆ ಹಾಕುತ್ತಿದ್ದಳು. ಆದರೂ ಅವಳು ಬರುವ ದಿನ ಬೀದಿಯ ಹೆಂಗಸರು ಬೇರೆ ಯಾರ ಹತ್ತಿರವೂ ಕೊಳ್ಳದೆ ಕಾಯುತ್ತಿದ್ದರು. ಬೈಸಿಕೊಳ್ಳದೆ ಸೊಪ್ಪು ಕೊಂಡರೆ ರುಚಿ ಹತ್ತುವುದಿಲ್ಲ ಎಂದು ಎದುರುಮನೆಯ ಮುದುಕಿ ಹೇಳುತ್ತಿದ್ದಳು.

ನಾನು ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ದೊಡ್ಡಮ್ಮ ವ್ಯಾಪಾರ ಮುಗಿಸಿ ನಮ್ಮ ಮನೆಯಲ್ಲೇ ಊಟ ಮಾಡಿ ಹೋಗುತ್ತಿದ್ದಳು. ಹೊಸ ಫ್ರಿಜ್ಜು ತಂದ ವಾರ ಅವಳಿಗೆ ಅದನ್ನು ತೋರಿಸುವ ಆಸೆ ನನಗೆ. ಬಾಗಿಲು ತೆಗೆದೆ. ಕವರುಗಳಲ್ಲಿ ಕಟ್ಟಿಟ್ಟ ಬೀನ್ಸು, ಮೆತ್ತಗಾದ ಸೌತೆಕಾಯಿ, ತಳದ ಡಬ್ಬದಲ್ಲಿ ಕಪ್ಪಾದ ಪುದೀನ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇದೇನ್ ಪಾಪ, ಹೆಣದ ಮನೆ ಇಟ್ಟಂಗ್ ಇಟ್ಟಿದ್ದೀಯ. ಯಾರಾದ್ರೂ ಗುರುತಿಸಿ ತಕೊಂಡೋಗ್ಲಿ ಅಂತಾನಾ?"

ನಲವತ್ತು ದಾಟಿದ ನನ್ನನ್ನು ಅವಳು ಚಿಕ್ಕ ಹುಡುಗಿಯನ್ನು ಕರೆಯುವ ಹಾಗೆ ಪಾಪ ಎಂದೇ ಕರೆಯುತ್ತಿದ್ದಳು. ಅವತ್ತು ನಕ್ಕುಬಿಟ್ಟೆ, ಆದರೆ ಒಳಗೆ ಚುಚ್ಚಿತ್ತು. ಓದಿಲ್ಲದವಳಿಂದ ಅಡುಗೆಮನೆಯಲ್ಲಿ ಹೇಳಿಸಿಕೊಳ್ಳುವುದು ನನಗೆ ಆಗುತ್ತಿರಲಿಲ್ಲ. ಇದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆ ಇದೂ ಒಂದು ಕಾರಣ. ಅವಳಿಗೆ ಗೊತ್ತಿಲ್ಲದ ಒಂದನ್ನಾದರೂ ಅವಳಿಗೆ ಹೇಳಿಕೊಡಬೇಕು ಎಂದು ನಾನು ಕಾಯುತ್ತಿದ್ದೆ.

ಆ ದಿನವೂ ಬಂತು. ಒಂದು ದೀಪಾವಳಿ ಕಳೆದ ಮೇಲೆ ದೊಡ್ಡಪ್ಪನ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು. ಎರಡು ಕಿಡ್ನಿಯೂ ಹೋಗಿವೆ ಎಂದರು ಆಸ್ಪತ್ರೆಯಲ್ಲಿ. ವಾರಕ್ಕೆ ಎರಡು ಸಲ, ಬುಧವಾರ ಮತ್ತು ಶನಿವಾರ, ಡಯಾಲಿಸಿಸ್. ಏನು ತಿನ್ನಬೇಕು, ಏನು ಬಿಡಬೇಕು ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಒಂದು ಚೀಟಿ ಕೊಟ್ಟು, ಯಾರ ಹತ್ತಿರವಾದರೂ ಪೂರ್ತಿ ಓದಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ದೊಡ್ಡಮ್ಮ ಅದನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ನೇರ ನನ್ನ ಹತ್ತಿರ ಬಂದಳು.

"ಸೊಪ್ಪು ತರಕಾರಿ ಇಚಾರ ಏನ್ ಬರ್ದವ್ರೆ, ಅದ್ನ ಓದು" ಎಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ. ಅವಳ ಕೈಯಲ್ಲಿದ್ದ ಲೋಕವೂ ಅಷ್ಟೇ.

ಓದಿದೆ. ಬರೀ ಓದಲಿಲ್ಲ, ಪಾಠ ಮಾಡಿದೆ. ಸೊಪ್ಪು ತರಕಾರಿಯಲ್ಲಿ ಪೊಟ್ಯಾಸಿಯಮ್ ಎಂಬ ಲವಣ ಇರುತ್ತದೆ, ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಅದು ರಕ್ತದಲ್ಲಿ ಏರಿದರೆ ಹೃದಯ ನಿಂತುಹೋಗುತ್ತದೆ. ಅದಕ್ಕೇ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನೂ ಚೆಲ್ಲಿ ಕೊಡಬೇಕು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು.

"ಚರಂಡೀಗೆ ಸಾರು, ಗಂಡಂಗೆ ಸಿಪ್ಪೆ ಅನ್ನು" ಎಂದಳು.

"ಅವನು ಬದುಕಬೇಕು ಅಂದರೆ ಹಾಗೇ ಮಾಡಬೇಕು ದೊಡ್ಡಮ್ಮ. ಒಂದು ಸೌಟು ಸಾರು ಹಾಕಿದರೂ ವಿಷ ಹಾಕಿದ ಹಾಗೆ."

"ಇಷ್ಟೇನಾ ಬರ್ದಿರೋದು?"

"ಇಷ್ಟೇ" ಎಂದೆ. ಮಡಿಸಿ ಅವಳ ಕೈಗೆ ಕೊಟ್ಟೆ. ಚೀಟಿಗೆ ಹಿಂಬದಿ ಇತ್ತು. ನಾನು ತಿರುಗಿಸಲಿಲ್ಲ.

ಮುದ್ದೆ ತಿಂದು ಬೆಳೆದವರಿಗೆ ಮಾತ್ರ ಆ ಮೇಲಿನ ತಿಂಗಳುಗಳ ಕಷ್ಟ ಅರ್ಥವಾಗುತ್ತದೆ. ಸಾರಿಲ್ಲದೆ ಮುದ್ದೆ ಇಳಿಯುವುದಿಲ್ಲ. ಪಲ್ಯ ಇಟ್ಟುಕೊಂಡು ನುಂಗಿದರೆ ಗಂಟಲಿನಲ್ಲೇ ನಿಲ್ಲುತ್ತದೆ, ನೀರು ಕುಡಿಯೋಣ ಎಂದರೆ ಅದಕ್ಕೂ ಅಳತೆ. ದೊಡ್ಡಮ್ಮ ಏನೇನೋ ಮಾಡಿದಳು. ಎರಡು ಸಲ ಬಸಿದು ಸತ್ತ ದಂಟಿನ ಸೊಪ್ಪಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಜೀರಿಗೆ ಹುರಿದು ಪುಡಿ ಮಾಡಿ, ನಿಂಬೆ ಎರಡೇ ಹನಿ ಹಿಂಡಿ, ಹೇಗಾದರೂ ಅದಕ್ಕೆ ಬಾಯಿ ಬರಿಸಲು ನೋಡಿದಳು. ಅವರೆಕಾಯಿಯ ಕಾಲ ಬಂತು. ಊರಿಗೂರೇ ಸೊಗಡಿನ ವಾಸನೆ. ಪಕ್ಕದ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು ಕುದಿಯುತ್ತಿದ್ದರೆ ದೊಡ್ಡಪ್ಪ ಜಗುಲಿಯ ಮೇಲೆ ಮೂಗು ಎತ್ತಿಕೊಂಡು ಕೂತಿರುತ್ತಿದ್ದ. ನಾನು ಹೋದಾಗಲೆಲ್ಲ ಕೇಳುತ್ತಿದ್ದ.

"ಒಂದೇ ಸೌಟು ಕಣೇ ಪಾಪ. ನೀನ್ ಏಳಿದ್ರೆ ಅವ್ಳು ಆಕ್ತಾಳೆ."

ದೊಡ್ಡಮ್ಮ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. "ಅವ್ಳು ಓದಿದೋಳು, ಬ್ಯಾಡ ಅಂದವ್ಳೆ. ಸುಮ್ಕೆ ತಿನ್ನು." ಹಾಗೆಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಹೊಗೆ ಎಂದುಕೊಳ್ಳುತ್ತಿದ್ದೆ.

ಬಸಿದ ನೀರನ್ನು ಏನು ಮಾಡುತ್ತಿದ್ದಳು? ಚೆಲ್ಲು ಎಂದರೆ ಅವಳ ಕೈ ಬರುತ್ತಿರಲಿಲ್ಲ. ತನಗೊಬ್ಬಳಿಗೆ ಸಾರು ಮಾಡಿಕೊಂಡು, ಗಂಡನ ಮೂಗಿಗೆ ತಾಗದಿರಲೆಂದು ಹಿತ್ತಿಲ ಕೊಟ್ಟಿಗೆಯಲ್ಲಿ ಹಸುಗಳ ಪಕ್ಕ ಕೂತು ತಿನ್ನುತ್ತಿದ್ದಳು. ಇದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಾಗಬಾರದ ಹೊತ್ತಿನಲ್ಲಿ ಗೊತ್ತಾಯಿತು.

ಶನಿವಾರದ ಡಯಾಲಿಸಿಸ್‌ಗೆ ನಾನು ದೊಡ್ಡಪ್ಪನ ಜೊತೆ ಹೋಗುತ್ತಿದ್ದೆ. ವಾಪಸು ಬರುವಾಗ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೂದಿಕೋಟೆ ಬಸ್ಸಿಗೆ ಕಾಯಬೇಕು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಅವನ ತುಟಿ ಒಡೆದುಹೋಗಿರುತ್ತಿತ್ತು. ಒಂದು ಶನಿವಾರ ತಡೆಯಲಾರದೆ ಒಂದು ಎಳನೀರು ಕೆತ್ತಿಸಿ ಕೊಟ್ಟೆ. ಅವನು ಕುಡಿದು ಮುಗಿಸಿದ ಮೇಲೆ ನನ್ನ ತಲೆ ಮುಟ್ಟಿದ. ಅಷ್ಟು ತಿಂಗಳಲ್ಲಿ ನಾನು ಅವನಿಗೆ ಬೇಡ ಎನ್ನದೆ ಕೊಟ್ಟದ್ದು ಅದೊಂದೇ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಅಲ್ಲಿ ಒಂದು, ಭಾನುವಾರ ಸೋಮವಾರಕ್ಕೆಂದು ಚೀಲದಲ್ಲಿ ಎರಡು.

ದೊಡ್ಡಮ್ಮ ಕೇಳಿದ್ದಳು. ಅದನ್ನು ನಾನು ಮರೆತಿಲ್ಲ. ಚೀಲದಿಂದ ಎಳನೀರು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಇದು ಕುಡೀಬೋದಾ ಪಾಪ?" ಎಂದಳು.

"ಎಳನೀರಿಗೇನು ದೊಡ್ಡಮ್ಮ, ಜ್ವರ ಬಂದೋರಿಗೂ ಕೊಡ್ತಾರೆ. ಕುಡಿಯೋ ನೀರಿನ ಅಳತೆಯಲ್ಲಿ ಇದನ್ನೂ ಸೇರಿಸಿಕೋ, ಅಷ್ಟೇ."

ಅವಳು ಹಾಗೇ ಮಾಡಿದಳು. ಎಳನೀರು ಕೊಟ್ಟ ದಿನ ಅಷ್ಟು ನೀರು ಕಡಿಮೆ ಕೊಟ್ಟಳು. ನಾನು ಹೇಳಿದ ಒಂದು ಮಾತನ್ನೂ ಅವಳು ಮೀರಲಿಲ್ಲ.

ಯುಗಾದಿ ಆದ ಮೇಲಿನ ಒಂದು ಮಂಗಳವಾರ ಬೆಳಿಗ್ಗೆ ದೊಡ್ಡಪ್ಪನಿಗೆ ಕೈಕಾಲು ಸೋತು ಹೋಯಿತು. ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಎದೆಬಡಿತ ತಪ್ಪಿತ್ತು, ಸ್ವಲ್ಪ ಹೊತ್ತಿಗೆ ನಿಂತಿತು. ಪೊಟ್ಯಾಸಿಯಮ್ ಬಹಳ ಏರಿತ್ತು ಎಂದರು ಡಾಕ್ಟರು. "ಕೊಡಬಾರದ್ದು ಏನಾದರೂ ಕೊಟ್ಟಿರಾ?" ಎಂದು ಕೇಳಿದರು. ಪೊಟ್ಯಾಸಿಯಮ್ ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಸಾರು. ಬೇರೆ ಏನೂ ಬರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ತಲೆ ಅದು.

ಹೆಣ ಮನೆಗೆ ತಂದರು. ಜಗುಲಿಯ ತುಂಬ ಜನ. ನಾನು ಸಾರಿನ ಪಾತ್ರೆ ಹುಡುಕಿಕೊಂಡು ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ ಹೋದೆ. ಕೊಟ್ಟಿಗೆಯ ಗೂಟಕ್ಕೆ ಒರಗಿಸಿ ಮುಚ್ಚಿಟ್ಟಿದ್ದ ಪಾತ್ರೆ ಕಂಡಿತು. ಮುಚ್ಚಳ ತೆಗೆದರೆ ಬಸ್ಸಾರು, ಅರ್ಧ ಖಾಲಿ. ಆ ಪಾತ್ರೆಯನ್ನು ಎತ್ತಿಕೊಂಡು ಬಂದು ಎಲ್ಲರ ಮುಂದೆ ಅವಳ ಎದುರಿಗೆ ಇಟ್ಟೆ.

"ನಾನು ಎಷ್ಟು ಸಲ ಹೇಳಿದ್ದೆ. ವಿಷ ಅಂತ ಹೇಳಿದ್ದೆ. ನಿನ್ನ ಕೈಯಾರೆ ಕೊಂದುಬಿಟ್ಟೆಯಲ್ಲ ದೊಡ್ಡಮ್ಮ."

ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿದರು. ದೊಡ್ಡಮ್ಮ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. "ಅದು ನಂದು ಕಣೇ. ನಾನ್ ತಿಂದಿದ್ದು" ಎಂದಳು. ಮೆಲ್ಲಗೆ ಎಂದಳು. ಅಷ್ಟು ಬಾಯಿಯ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದಕ್ಕೇ ಯಾರೂ ಅವಳನ್ನು ನಂಬಲಿಲ್ಲ. ನನ್ನನ್ನು ನಂಬಿದರು. ನಾನು ಟೀಚರು.

ತಿಥಿಯ ದಿನ ಅವಳನ್ನು ಅಡುಗೆಗೆ ಸೇರಿಸಲಿಲ್ಲ. ಸತ್ತವನಿಗೆ ಇಡುವ ಎಡೆಗೆ ಅವಳ ಕೈ ತಾಗಬಾರದು ಎಂದು ದೊಡ್ಡಪ್ಪನ ಕಡೆಯವರು ಹಟ ಹಿಡಿದರು. ಹಿತ್ತಿಲಲ್ಲಿ ಅಡುಗೆಯವರು ಒಲೆ ಹೂಡಿದ್ದರು. ಅವಳು ಹುಣಸೆಮರದ ಕೆಳಗೆ ಮೊಣಕಾಲು ಕಟ್ಟಿಕೊಂಡು ಕೂತು ನೋಡುತ್ತಿದ್ದಳು. ಅಡುಗೆಯವನು ಪಲ್ಯಕ್ಕೆಂದು ಬೇಯಿಸಿದ ಹುರುಳಿಕಾಯಿಯ ನೀರನ್ನು ಒಂದು ಕೊಪ್ಪರಿಗೆಯಷ್ಟು ಅವಳ ಕಣ್ಣೆದುರೇ ಮಣ್ಣಿಗೆ ಸುರಿದ. ಅದನ್ನೆಲ್ಲ ಕಿಟಕಿಯಿಂದ ನೋಡುತ್ತಲೇ ನಾನು ಒಳಗೆ ಎಲೆ ಹಾಕುತ್ತಿದ್ದೆ.

ಆ ಮೇಲೂ ಅವಳು ಸೊಪ್ಪು ತಂದಳು, ಆದರೆ ಶುಕ್ರವಾರ ಮಾತ್ರ. ಬೈಯುವುದು ನಿಂತಿತ್ತು. ಹೆಂಗಸರು ಕಟ್ಟು ಬಿಚ್ಚಿ ನೋಡಿದರೂ ಸುಮ್ಮನಿರುತ್ತಿದ್ದಳು. ನಮ್ಮ ಮನೆಗೆ ಊಟಕ್ಕೆ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಒಂದು ಸಲ ಮಾತ್ರ ಒಳಗೆ ಬಂದಳು, ವಿಧವಾ ವೇತನದ ಅರ್ಜಿ ಬರೆಸಲು. ಪ್ಲಾಸ್ಟಿಕ್ ಕವರಿನಲ್ಲಿ ದೊಡ್ಡಪ್ಪನ ಎಲ್ಲಾ ಕಾಗದ ತಂದಿದ್ದಳು. ಕವರು ಬಿಚ್ಚಿದೆ. ಮೇಲುಗಡೆಯೇ ಆ ಚೀಟಿ ಇತ್ತು, ಹಿಂಬದಿ ಮೇಲಾಗಿ. ಮೊದಲ ಸಾಲೇ ದಪ್ಪ ಅಕ್ಷರದಲ್ಲಿ: ಎಳನೀರು ಯಾವ ಕಾರಣಕ್ಕೂ ಕೊಡಬಾರದು, ಪೊಟ್ಯಾಸಿಯಮ್ ಬಹಳ ಇರುತ್ತದೆ.

ಎರಡು ಸಲ ಓದಿದೆ. ದೊಡ್ಡಮ್ಮ ಎದುರಿಗೆ ನೆಲದ ಮೇಲೆ ಕೂತು ಹೊನಗನ್ನೆ ಬಿಡಿಸುತ್ತಿದ್ದಳು. ಆ ಕ್ಷಣ ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಆ ಚೀಟಿಯನ್ನು ಮಡಿಸಿ, ಮೇಜಿನ ಮೇಲಿದ್ದ ಪಾಠದ ಪುಸ್ತಕದೊಳಗೆ ಸೇರಿಸಿ, ಅರ್ಜಿ ತುಂಬಿದೆ. ಇಂಕಿನ ಡಬ್ಬಿ ತೆಗೆದು, ಇಲ್ಲಿ ಹೆಬ್ಬೆಟ್ಟು ಒತ್ತು ದೊಡ್ಡಮ್ಮ ಎಂದೆ. ಒತ್ತಿದಳು. ಸೊಪ್ಪಿನ ಹಸಿರಿನ ಮೇಲೆ ನೀಲಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು.

ಹೇಳಲು ನನಗೆ ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದೂ ಅವಳು ಬಾವಿಯ ಹತ್ತಿರ ಜಾರಿ ಬಿದ್ದು, ಸೊಂಟ ಮುರಿದು, ಇನ್ನು ಏಳುವುದಿಲ್ಲ ಎಂದು ಗೊತ್ತಾದ ಮೇಲೆ. ಹೋದೆ. ದೊಡ್ಡಮ್ಮನ ಮೈದುನನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಅವಳು ನನಗೆ ಕಾಫಿ ಕೊಟ್ಟು ಹಾಲು ಕರೆಯಲು ಹೊರಟಳು. ಮಂಚದ ಪಕ್ಕ ಕೂತೆ. ಕಷ್ಟಪಟ್ಟು ಬಾಯಿ ತೆಗೆದೆ.

"ದೊಡ್ಡಮ್ಮ, ದೊಡ್ಡಪ್ಪ ಹೋಗಿದ್ದು ನಿನ್ನಿಂದ ಅಲ್ಲ. ಆ ಚೀಟಿಯ ಹಿಂಬದಿ ನಾನು..."

"ಎಳನೀರು" ಎಂದಳು.

ನಾನು ಕಾಫಿ ಲೋಟವನ್ನು ನೆಲಕ್ಕೆ ಇಟ್ಟೆ.

"ತಿಥಿಗೆ ಮುಂಚೇನೇ ಗೊತ್ತಿತ್ತು. ನೀನು ಅಂಗಂದ್ಮೇಲೆ ನಂಗೂ ಅನ್ಮಾನ ಬಂತು, ಕೊಡಬಾರದ್ದು ಏನ್ ಕೊಟ್ಟೆ ಅಂತ. ಬೂದಿಕೋಟೆ ಮೆಡಿಕಲ್ ಶಾಪ್ನೋರತ್ರ ಓದಿಸ್ದೆ. ಅವ್ರು ಎರಡು ಕಡೆನೂ ಓದಿದ್ರು."

"ಮತ್ತೆ ಯಾಕೆ ಹೇಳಲಿಲ್ಲ? ಅಷ್ಟು ಜನರ ಎದುರಿಗೆ ನಾನು ಹಾಗಂದಾಗ..."

"ಏಳಿದ್ರೆ ಯಾರು ನಂಬ್ತಿದ್ರು? ಸೊಪ್ಪಿನೋಳ್ ಮಾತಾ, ಟೀಚರ್ ಮಾತಾ? ನೀನೇ ಏಳ್ತೀಯ ಅಂತ ಕಾದೆ. ಅರ್ಜಿ ಬರ್ಸೋಕ್ ಬಂದಾಗ ಅದ್ನ ಎಲ್ಲಾದ್ರ ಮ್ಯಾಲೆ ಇಟ್ಟಿದ್ದು ನಾನೇ. ಯಾವ ಮಗ್ಲು ಅಂತ ಶಾಪ್ನೋರತ್ರ ಕೇಳ್ಕೊಂಡು ಬಂದು ಇಟ್ಟಿದ್ದೆ. ನೀನು ಓದ್ದೆ. ನಾನ್ ನೋಡ್ತಾನೇ ಇದ್ದೆ. ಮಡಚಿ ಪುಸ್ತಕದಾಗೆ ಇಟ್ಕಂಡೆ. ಆಮ್ಯಾಕೆ ನನ್ ಎಬ್ಬೆಟ್ಟು ಕೇಳ್ದೆ."

ನಾನು ಅವಳ ಕಾಲು ಹಿಡಿದುಕೊಂಡು ಅತ್ತೆ. ಈಗ ಹೇಳುತ್ತೇನೆ, ಊರಿನವರನ್ನೆಲ್ಲ ಈ ಜಗುಲಿಗೆ ಕರೆದು ಹೇಳುತ್ತೇನೆ ಎಂದೆ. ಅವಳು ಕಾಲು ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ಈಗ್ಯಾಕೆ? ನಾನ್ ಸಾಯೋ ಒತ್ತಿಗೆ ನಿನ್ ಎದೆ ಅಗುರ ಮಾಡ್ಕೊಳ್ಳೋಕಾ? ನಂಗೇನ್ ಬಂತು ಅದ್ರಿಂದ. ಓಗು, ಬಸ್ಸಿನ ಒತ್ತಾಯ್ತು."

ಪಾಪ ಎಂದು ಕರೆಯಲಿಲ್ಲ. ನಾನು ಎದ್ದು ಬಂದೆ. ಹಾಲಿನ ಪಾತ್ರೆ ಹಿಡಿದು ಎದುರಾದ ಅವಳ ವಾರಗಿತ್ತಿಗೂ ಏನೂ ಹೇಳಲಿಲ್ಲ, ಹೋಗಿಬರ್ತೀನಿ ಎಂದೆ, ಅಷ್ಟೇ.

ಮೂರು ವಾರಕ್ಕೆ ದೊಡ್ಡಮ್ಮ ಹೋದಳು. ತಿಥಿಗೆ ಹೋಗಿದ್ದೆ. ಎಲೆಯ ಮುಂದೆ ಕೂತಾಗ ಪಕ್ಕದ ಹೆಂಗಸು ನನ್ನ ತೊಡೆ ತಟ್ಟಿ ಸಮಾಧಾನ ಹೇಳಿದಳು: "ಅಳಬ್ಯಾಡ ಕಣಮ್ಮ. ನೀನೇನೋ ಓದಿ ಏಳ್ದೆ, ಅವ್ಳು ಕೇಳ್ಲಿಲ್ಲ. ಗಂಡನ್ನ ತಿನ್ಕಂಡ್ಳು, ತಾನೂ ಓಗ್ಬಿಟ್ಳು." ಸಾಲಿನಲ್ಲಿ ಕೂತವರೆಲ್ಲ ಕೇಳಿಸಿಕೊಂಡು ತಲೆ ಆಡಿಸಿದರು. ಇಡೀ ಊರು ಅಲ್ಲೇ ಇತ್ತು, ನನ್ನ ಮುಖವನ್ನೇ ನೋಡುತ್ತಿತ್ತು. ನಾನು ತಲೆ ತಗ್ಗಿಸಿ ಅನ್ನ ಕಲಸಿಕೊಂಡೆ.

ಈಗ ಬರೆದಿದ್ದೇನೆ. ಆ ಊರಿನಲ್ಲಿ ಇದನ್ನು ಓದುವವರು ಯಾರೂ ಇಲ್ಲ. ಅದು ಗೊತ್ತಿದ್ದೇ ಬರೆದೆ.